ಸಂತ ಜೋಸೆಫ್ ವಾಜ್: ನಿತ್ಯನೇಮದಿಂದ ಬೆಳೆದ ನಾಯಕ

ಪ್ರತಿ ವರ್ಷ ಜನವರಿ 16ರಂದು ನಾವು ಸಂತ ಜೋಸೆಫ್ ವಾಜರ ಹಬ್ಬವನ್ನು ಆಚರಿಸುತ್ತೇವೆ. ಮುಡಿಪುವಿನ ಪುಣ್ಯಕ್ಷೇತ್ರಕ್ಕೆ ಹೋಗಿ ನಮ್ಮ ಕಷ್ಟಗಳನ್ನು ನಿವೇದಿಸಿಕೊಳ್ಳುತ್ತೇವೆ. ಗುರುಗಳಾಗಿ, ಗುರಿಕಾರರಾಗಿ, ಪಾಲನಾ ಮಂಡಳಿಯ ಸದಸ್ಯರಾಗಿ, ಧರ್ಮಶಿಕ್ಷಣದ ಶಿಕ್ಷಕರಾಗಿ ಇತರರನ್ನು ಮುನ್ನಡೆಸುವ ನಾವು ಅವರ ಬಾಳಿನಿಂದ ಕಲಿಯಬೇಕಾದ ಒಂದು ಪಾಠವೂ ಇದೆ.

1651ರ ಏಪ್ರಿಲ್ 21ರಂದು ಗೋವಾದ ಬೆನಾವ್ಲಿಂನಲ್ಲಿ ಜನಿಸಿದ ವಾಜರು 1676ರಲ್ಲಿ ಗುರುದೀಕ್ಷೆ ಪಡೆದರು. ಬಡವರಂತೆ ಬರಿಗಾಲಲ್ಲಿ ನಡೆಯುವುದನ್ನು ರೂಢಿಸಿಕೊಂಡರು. 1677ರಲ್ಲಿ ತಾವು ಮಾತೆ ಮರಿಯಳ ದಾಸನೆಂದು ಪತ್ರ ಬರೆದು ತಮ್ಮನ್ನು ಸಮರ್ಪಿಸಿಕೊಂಡರು. ಆ ನಿರ್ಧಾರ ಅವರ ಮುಂದಿನ ದಿನಗಳನ್ನೆಲ್ಲ ತಿದ್ದಿತು.

1681ರಲ್ಲಿ ಅವರು ನಮ್ಮ ಕೆನರಾಕ್ಕೆ ಬಂದರು. ಆಗ ಇಲ್ಲಿ ಧರ್ಮಾಧಿಕಾರದ ಬಗ್ಗೆ ವಿವಾದವಿತ್ತು, ವಿಶ್ವಾಸಿಗಳು ಚದುರಿಹೋಗಿದ್ದರು. ಅಧಿಕಾರ ಕೈಯಲ್ಲಿದ್ದರೂ ವಾಜರು ಜಗಳವನ್ನು ಬೆಳೆಸಲಿಲ್ಲ. ಊರಿಂದೂರಿಗೆ ನಡೆದು ಸಂಸ್ಕಾರಗಳನ್ನು ನೀಡಿದರು. 1684ರಲ್ಲಿ ಗೋವಾಕ್ಕೆ ಮರಳಿ, ಮರುವರ್ಷ ಅಲ್ಲಿನ ಓರೆಟರಿ ಗುರುಗಳ ಸಂಘವನ್ನು ಸೇರಿದರು. ಒಟ್ಟಾಗಿ ಪ್ರಾರ್ಥಿಸಿ ಒಂದೇ ನಿಯಮದಡಿ ಬಾಳುವ ಆ ಸಂಘವು ಅವರನ್ನೇ ತನ್ನ ಮುಖ್ಯಸ್ಥರನ್ನಾಗಿ ಆರಿಸಿತು.

ಆ ಶಿಸ್ತಿನ ನಿಜವಾದ ಪರೀಕ್ಷೆ ಸಿಲೋನಿನಲ್ಲಿ ನಡೆಯಿತು. ಡಚ್ಚರು ಅಲ್ಲಿ ಕಥೋಲಿಕ ಗುರುಗಳನ್ನು ನಿಷೇಧಿಸಿದ್ದರು. 1687ರಲ್ಲಿ ವಾಜರು ಕೂಲಿಯಾಳಿನ ವೇಷದಲ್ಲಿ ಜಾಫ್ನಾ ತಲುಪಿದರು. ಕೊರಳಲ್ಲಿ ಜಪಸರ ಧರಿಸಿ ಮನೆಮನೆಗೆ ಭಿಕ್ಷೆಗೆ ಹೋಗಿ, ಅದನ್ನು ಗುರುತಿಸಿದ ಕಥೋಲಿಕರನ್ನು ಪತ್ತೆಹಚ್ಚಿದರು. 1692ರಲ್ಲಿ ಕ್ಯಾಂಡಿಗೆ ಹೋದಾಗ ಪೋರ್ಚುಗೀಸರ ಗೂಢಚಾರನೆಂದು ಸೆರೆಗೆ ತಳ್ಳಲ್ಪಟ್ಟರು. ಅಲ್ಲಿಯೂ ಅವರ ಪ್ರಾರ್ಥನೆ ನಿಲ್ಲಲಿಲ್ಲ. ಸೆರೆಯಲ್ಲಿದ್ದುಕೊಂಡೇ ಸಿಂಹಳ ಭಾಷೆ ಕಲಿತರು.

1697ರಲ್ಲಿ ಗೋವಾದಿಂದ ಇಬ್ಬರು ಗುರುಗಳು ಬರುವ ತನಕ, ಸುಮಾರು ಹತ್ತು ವರ್ಷ, ಅವರು ಆ ದ್ವೀಪದಲ್ಲಿ ಒಬ್ಬರೇ ಗುರು. ಎಲ್ಲರ ಪಾಪನಿವೇದನೆ ಕೇಳುತ್ತಿದ್ದ ಅವರಿಗೆ ತಮ್ಮ ಪಾಪನಿವೇದನೆಗೆ ಇನ್ನೊಬ್ಬ ಗುರುವಿರಲಿಲ್ಲ. ಹುರಿದುಂಬಿಸುವವರಿಲ್ಲ, ತಪ್ಪಿದರೆ ಎಚ್ಚರಿಸುವವರೂ ಇಲ್ಲ. ಅಂತಹ ಒಂಟಿತನದಲ್ಲಿ ಅವರನ್ನು ಹಿಡಿದು ನಿಲ್ಲಿಸಿದ್ದು ಮೊದಲೇ ರೂಢಿಯಾಗಿದ್ದ ನಿತ್ಯನೇಮ ಎಂದು ನಾವು ನಂಬುತ್ತೇವೆ.

ಅದೇ ವರ್ಷ ಕ್ಯಾಂಡಿಯಲ್ಲಿ ಸಿಡುಬು ಹರಡಿದಾಗ, ಜನರು ತೊರೆದುಹೋದ ರೋಗಿಗಳನ್ನು ವಾಜರು ಆರೈಕೆ ಮಾಡಿದರು. ಧರ್ಮಾಧ್ಯಕ್ಷ ಪದವಿಯ ಪ್ರಸ್ತಾಪ ಬಂದಾಗ ಒಪ್ಪಲಿಲ್ಲ. ಆದರೆ ಹೊಸ ಗುರುಗಳನ್ನು ಕರೆಸಿಕೊಂಡು ಜವಾಬ್ದಾರಿ ವಹಿಸಿದರು. 1705ರಲ್ಲಿ ಬಂದ ಜಾಕೊಮೆ ಗೊನ್ಸಾಲ್ವಿಸ್‌ರು ಮುಂದೆ ಸಿಂಹಳ ಕಥೋಲಿಕ ಸಾಹಿತ್ಯದ ಮಹಾನ್ ಲೇಖಕರಾದರು. ವಾಜರು 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ನಿಧನರಾದರು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು.

ಪ್ರಿಯರೇ, ಸಭೆ, ಹಬ್ಬ, ಕಟ್ಟಡದ ಕೆಲಸಗಳು ಹೆಚ್ಚಾದಾಗ ನಾವು ಮೊದಲು ಕೈಬಿಡುವುದು ಪ್ರಾರ್ಥನೆಯನ್ನೇ. ಈ ದೋಷ ಗುರುಗಳಾದ ನಮ್ಮಲ್ಲೂ ಇದೆ. ಬೆಳಿಗ್ಗೆ ದೇವರೊಂದಿಗೆ ಕಾಲು ಗಂಟೆ, ರಾತ್ರಿ ಮಲಗುವ ಮುನ್ನ ಆತ್ಮಶೋಧನೆ, ವರ್ಷಕ್ಕೊಂದು ಹೊಸ ಕಲಿಕೆ, ನಮ್ಮ ಸ್ಥಾನ ತುಂಬಬಲ್ಲ ಒಬ್ಬ ಯುವಕ ಅಥವಾ ಯುವತಿಗೆ ತರಬೇತಿ: ಇಷ್ಟನ್ನು ಇಂದೇ ಆರಂಭಿಸೋಣ. ಒಂದು ದಿನ ತಪ್ಪಿದರೆ ಮರುದಿನ ಮತ್ತೆ ಕೈಗೆತ್ತಿಕೊಳ್ಳೋಣ. ನಮ್ಮ ಕರಾವಳಿಯ ಹಾದಿಗಳಲ್ಲಿ ಬರಿಗಾಲಲ್ಲಿ ನಡೆದ ಈ ಸಂತರು ನಮಗಾಗಿ ಪ್ರಾರ್ಥಿಸಲಿ.