ಚಾರ್ಲ್ಸ್ ವೀಟ್‌ಸ್ಟನ್: ಎರಡು ಚಿತ್ರ, ಒಂದು ನೋಟ

ವಿಜ್ಞಾನ ಶಾಖೆಯ ವಿದ್ಯಾರ್ಥಿಗಳಿಗೆ ವೀಟ್‌ಸ್ಟನ್ ಎಂಬ ಹೆಸರು ಪ್ರಯೋಗಾಲಯದ ವಿದ್ಯುನ್ಮಂಡಲವೊಂದರಿಂದ ಪರಿಚಿತ. ವಿಚಿತ್ರವೆಂದರೆ ಆ ‘ಸೇತುವೆ’ಯನ್ನು ಮೊದಲು ರೂಪಿಸಿದವರು ಅವರಲ್ಲ. ಸ್ಯಾಮ್ಯುಯೆಲ್ ಹಂಟರ್ ಕ್ರಿಸ್ಟಿ 1833ರಲ್ಲಿ ವಿವರಿಸಿದ್ದನ್ನು ವೀಟ್‌ಸ್ಟನ್ ಹತ್ತು ವರ್ಷಗಳ ತರುವಾಯ ಪ್ರಚುರಪಡಿಸಿದರು. ಕ್ರಿಸ್ಟಿಯ ಋಣವನ್ನೂ ಒಪ್ಪಿಕೊಂಡರು. ಅವರೇ 1854ರಲ್ಲಿ ರಚಿಸಿದ ಗುಪ್ತಲಿಪಿಯಾದರೋ ಗೆಳೆಯ ಪ್ಲೇಫೇರ್ ಅವರ ಹೆಸರನ್ನು ಹೊತ್ತಿದೆ. ಹೆಸರಿನ ಈ ಅದಲುಬದಲು ಅವರ ಅತಿ ಮುಖ್ಯ ಶೋಧವಾದ ಸ್ಟೀರಿಯೋಸ್ಕೋಪನ್ನೂ ಬಿಡಲಿಲ್ಲ.

1802ರ ಫೆಬ್ರವರಿ 6ರಂದು ಇಂಗ್ಲೆಂಡಿನ ಗ್ಲಾಸ್ಟರ್ ಸಮೀಪದ ಬಾರ್ನ್‌ವುಡ್‌ನಲ್ಲಿ ಅವರ ಜನನ. ಮನೆತನದ ವೃತ್ತಿ ಸಂಗೀತವಾದ್ಯಗಳದು. ಹದಿನಾಲ್ಕನೆಯ ವಯಸ್ಸಿಗೆ ಲಂಡನ್ನಿನಲ್ಲಿ ವಾದ್ಯ ತಯಾರಿಸುತ್ತಿದ್ದ ಚಿಕ್ಕಪ್ಪನ ಅಂಗಡಿಯಲ್ಲಿ ಕೆಲಸ ಕಲಿಯಲು ಸೇರಿದರು. ಕನ್ಸರ್ಟಿನಾ ಎಂಬ ಕೈವಾದ್ಯ ಅವರ ಸೃಷ್ಟಿಯೇ. ನಾದದ ಕಂಪನಗಳಿಂದ ಬೆಳಕಿಗೂ ವಿದ್ಯುತ್ತಿಗೂ ಸಾಗಿದ ಅವರನ್ನು 1834ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜು ಪ್ರಾಧ್ಯಾಪಕರನ್ನಾಗಿ ನೇಮಿಸಿತು. ಆದರೆ ಸಭೆಯೆಂದರೆ ಅವರಿಗೆ ವಿಪರೀತ ಸಂಕೋಚ. ಅವರ ಶೋಧಗಳನ್ನು ಎಷ್ಟೋ ಸಲ ಮೈಕೇಲ್ ಫ್ಯಾರಡೆ ಅವರೇ ಜನರ ಮುಂದೆ ವಿವರಿಸಬೇಕಾಯಿತು.

1838ರ ಜೂನ್‌ನಲ್ಲಿ ರಾಯಲ್ ಸೊಸೈಟಿಯ ಮುಂದೆ ಬಂದ ಅವರ ಪ್ರಬಂಧ ದೃಷ್ಟಿಯ ಬಗೆಗಿನ ಹಳೆಯ ನಂಬಿಕೆಯೊಂದನ್ನು ಅಲುಗಿಸಿತು. ಎರಡೂ ಕಣ್ಣುಗಳ ಅಕ್ಷಿಪಟಲಗಳಲ್ಲಿ ಬಿಂಬಗಳು ಸಮಸ್ಥಾನಗಳಲ್ಲಿಯೇ ಬಿದ್ದಾಗ ಮಾತ್ರ ವಸ್ತು ಒಂದಾಗಿ ಕಾಣುತ್ತದೆಂದು ಪಂಡಿತರು ತಿಳಿದಿದ್ದರು. ವೀಟ್‌ಸ್ಟನ್ ಕಂಡದ್ದು ಬೇರೆ. ಹತ್ತಿರದ ವಸ್ತುವಿನ ಬಿಂಬ ಎಡಗಣ್ಣಿಗೊಂದು ಬಗೆ, ಬಲಗಣ್ಣಿಗೊಂದು ಬಗೆ. ಈ ಅಲ್ಪ ಭೇದದಿಂದಲೇ ಮನಸ್ಸು ಆಳವನ್ನು ಕಟ್ಟಿಕೊಳ್ಳುತ್ತದೆ. ಇದನ್ನು ತೋರಿಸಲು ಅವರು ಎರಡು ಕನ್ನಡಿಗಳನ್ನು ಲಂಬಕೋನದಲ್ಲಿ ಜೋಡಿಸಿ, ಎಡಬಲಗಳಲ್ಲಿ ಒಂದೊಂದು ಚಿತ್ರವನ್ನಿಟ್ಟರು. ಘನ, ಶಂಕು ಮುಂತಾದ ಆಕೃತಿಗಳ ಬರಿಯ ಗೆರೆಚಿತ್ರಗಳು ಅವು. ನೆರಳು, ಬಣ್ಣ ಯಾವುದೂ ಇರಲಿಲ್ಲ, ಇರಿಸಬಾರದೆಂಬುದೇ ಅವರ ನಿರ್ಧಾರ. ನೆರಳಿದ್ದರೆ ಆಳದ ಕೀರ್ತಿ ನೆರಳಿಗೆ ಸಲ್ಲುತ್ತಿತ್ತು. ಕನ್ನಡಿಗಳಲ್ಲಿ ನೋಡಿದವರಿಗೆ ಆ ಬಡಗೆರೆಗಳೇ ಗಾಳಿಯಲ್ಲಿ ನಿಂತ ಘನಾಕೃತಿಯಾದವು. ಛಾಯಾಚಿತ್ರಣ ಲೋಕಕ್ಕೆ ಪ್ರಕಟವಾದದ್ದು ಮರುವರ್ಷ, 1839ರಲ್ಲಿ. ಈ ಕಾಲಕ್ರಮ ನೆನಪಿಡತಕ್ಕದ್ದು: ಜೋಡಿಚಿತ್ರದ ತತ್ತ್ವ ಕ್ಯಾಮೆರಾಕ್ಕೆ ಋಣಿಯಲ್ಲ.

ಪ್ರಬಂಧಕ್ಕೆ 1840ರಲ್ಲಿ ರಾಯಲ್ ಪದಕ ದೊರೆಯಿತು. ಜನಪ್ರಿಯತೆ ಮಾತ್ರ ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್ ಪಾಲಾಯಿತು. ಬಹುರೂಪದರ್ಶಕವನ್ನು ಕಂಡುಹಿಡಿದ ಪ್ರತಿಭಾವಂತರವರು. 1849ರಲ್ಲಿ ಅವರು ವಿವರಿಸಿದ ಮಸೂರದ ಪೆಟ್ಟಿಗೆ ಪುಟ್ಟದು, ಕೈಯಲ್ಲಿ ಹಿಡಿದು ನೋಡಬಹುದಾದದ್ದು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ವಿಕ್ಟೋರಿಯಾ ರಾಣಿ ಅದನ್ನು ಮೆಚ್ಚಿದ ಮೇಲೆ ಮನೆಮನೆಗೂ ಬೇಡಿಕೆ ಹುಟ್ಟಿತು. ಬ್ರೂಸ್ಟರ್ ಅಷ್ಟಕ್ಕೆ ತೃಪ್ತರಾಗಲಿಲ್ಲ. ತತ್ತ್ವವೇ ಪ್ರಾಚೀನರಿಗೆ ತಿಳಿದಿತ್ತು, ಉಪಕರಣದ ಕಲ್ಪನೆ ಎಡಿನ್‌ಬರೋದ ಎಲಿಯಟ್ ಅವರದು ಎಂದು ವಾದಿಸಿದರು. 1856ರಲ್ಲಿ ಪತ್ರಿಕೆಯ ಅಂಕಣಗಳಲ್ಲಿ ಕಲಹ ನಡೆಯಿತು. ಸಭೆಯಲ್ಲಿ ಬಾಯಿ ತೆರೆಯಲು ಹಿಂಜರಿಯುತ್ತಿದ್ದ ವೀಟ್‌ಸ್ಟನ್ ಲೇಖನಿ ಹಿಡಿದು ಉತ್ತರಿಸಿದರು. ನ್ಯಾಯ ಅವರ ಕಡೆಗಿತ್ತು. ಸುಲಭವಾದ ಉಪಕರಣ ಬ್ರೂಸ್ಟರ್ ಅವರ ಕೈಯಲ್ಲಿತ್ತು. 1868ರಲ್ಲಿ ಸರ್ ಪದವಿಯೂ ಕಾಪ್ಲಿ ಪದಕವೂ ವೀಟ್‌ಸ್ಟನ್ ಅವರಿಗೆ ಸಂದವು. 1875ರ ಅಕ್ಟೋಬರ್ 19ರಂದು ಪ್ಯಾರಿಸ್‌ನಲ್ಲಿ ಅವರು ತೀರಿಕೊಂಡರು.

ಸರಿಯಾಗಿ ನೂರು ವರ್ಷಗಳ ಅನಂತರ, 1975ರಲ್ಲಿ, ಗಣಿತಜ್ಞ ಬೆನ್ವಾ ಮ್ಯಾಂಡೆಲ್‌ಬ್ರಾಟ್ ‘ಫ್ರ್ಯಾಕ್ಟಲ್’ ಎಂಬ ಪದವನ್ನು ಟಂಕಿಸಿದರು. ಇಡಿಯ ರೂಪವೇ ಬಿಡಿಯಲ್ಲಿ ಮರಳಿ ಮರಳಿ ಕಾಣುವ ಆಕೃತಿಯದು. ಕನ್ನಡ ವಿದ್ಯಾರ್ಥಿಗಳಿಗೆ ಈ ಕಲ್ಪನೆ ಅಪರಿಚಿತವಾಗಬೇಕಾಗಿಲ್ಲ. ಲೋಹಾರಾಕ್ಕೆ ದೂರವಲ್ಲದ ಕಲ್ಯಾಣದಿಂದ ಆಳಿದ ಚಾಲುಕ್ಯರ ಕಾಲದಲ್ಲಿ, 1112ರಲ್ಲಿ ಕಟ್ಟಿದ ಇಟಗಿಯ ಮಹಾದೇವ ದೇವಾಲಯದ ಗೋಡೆಗಳಲ್ಲಿ ಶಿಖರದ ಕಿರುರೂಪಗಳು ಮತ್ತೆ ಮತ್ತೆ ಎದುರಾಗುತ್ತವೆ. ಶಿಲ್ಪಿಯ ಉಳಿ ಒಂದು ಹಂತದಲ್ಲಿ ನಿಲ್ಲಲೇಬೇಕು. ಗಣಿತದ ಸೂತ್ರಕ್ಕೆ ಆ ನಿರ್ಬಂಧವಿಲ್ಲ. 2009ರಲ್ಲಿ ರೂಪುಗೊಂಡ ಮ್ಯಾಂಡೆಲ್‌ಬಲ್ಬ್ ಎಂಬ ಮೂರು ಆಯಾಮದ ಆಕೃತಿಯಲ್ಲಿ ಗಣಕಯಂತ್ರ ಎಷ್ಟು ಒಳಹೊಕ್ಕರೂ ಹೊಸ ಗುಹೆ, ಹೊಸ ಗೋಪುರ.

ಇಂಥ ಚಿತ್ರ ಒಂಟಿಯಾಗಿದ್ದರೆ ಕಣ್ಣು ಸೋಲುತ್ತದೆ. ಮನುಷ್ಯನೋ ಮರವೋ ಪಕ್ಕದಲ್ಲಿದ್ದರೆ ಕಟ್ಟಡದ ಅಳತೆ ತಿಳಿದೀತು. ಫ್ರ್ಯಾಕ್ಟಲ್‌ನಲ್ಲಿ ದೊಡ್ಡದೂ ಚಿಕ್ಕದೂ ಒಂದೇ ಆಕಾರ, ಹತ್ತಿರದ್ದು ಯಾವುದು ದೂರದ್ದು ಯಾವುದು ಹೇಳುವುದು ಕಷ್ಟ. ಆದ್ದರಿಂದ ಕಲಾವಿದರು ನೋಟದ ಬಿಂದುವನ್ನು ತುಸು ಪಕ್ಕಕ್ಕೆ ಸರಿಸಿ ಅದೇ ದೃಶ್ಯವನ್ನು ಎರಡು ಸಲ ರಚಿಸುತ್ತಾರೆ. ಅಕ್ಕಪಕ್ಕದಲ್ಲಿಟ್ಟ ಎರಡನ್ನೂ ದೂರದ ದಿಗಂತವನ್ನು ನೋಡುವಂತೆ ನೋಡಿದರೆ ನಡುವೆ ಮೂರನೆಯ ಚಿತ್ರವೊಂದು ಮೂಡಿ, ಆಳ ತೆರೆದುಕೊಳ್ಳುತ್ತದೆ. ನೆರಳಿಲ್ಲದ ಗೆರೆಗಳಿಂದ ವೀಟ್‌ಸ್ಟನ್ ಸಾಧಿಸಿದ್ದೂ ಇದನ್ನೇ.

ಒಂದು ಎಚ್ಚರಿಕೆಯೂ ಅವರಿಂದಲೇ ಬಂದದ್ದು. 1852ರಲ್ಲಿ ಅವರು ವಿವರಿಸಿದ ಸ್ಯೂಡೋಸ್ಕೋಪ್ ಎರಡು ಕಣ್ಣುಗಳ ನೋಟವನ್ನು ಅದಲುಬದಲು ಮಾಡಿ, ಉಬ್ಬನ್ನು ತಗ್ಗಾಗಿ ತೋರಿಸುತ್ತಿತ್ತು. ಪರಿಚಿತ ಮುಖವನ್ನು ಹಾಗೆ ತಿರುವಲು ಮನಸ್ಸು ಸುಲಭವಾಗಿ ಒಪ್ಪುವುದಿಲ್ಲ. ಎಂದೂ ಕಾಣದ ಆಕೃತಿಗೆ ಆ ರಕ್ಷಣೆಯಿಲ್ಲ. ಕಣ್ಣುಗಳನ್ನು ಮೂಗಿನ ಕಡೆಗೆ ಅಡ್ಡಹಾಯಿಸಿ ನೋಡಿದರೆ ಎಡಗಣ್ಣಿಗೆ ಬಲಚಿತ್ರ ಸಿಕ್ಕಿ, ಬೆಟ್ಟವಿದ್ದಲ್ಲಿ ಕಣಿವೆ ಕಾಣುತ್ತದೆ. ಯಾವ ಚಿತ್ರ ಯಾವ ಕಣ್ಣಿಗೆ ಎಂಬುದನ್ನು ಜೋಡಿಯ ಕೆಳಗೆ ಬರೆದಿದ್ದರೆ, ನೋಡುವ ಮೊದಲು ಅದನ್ನು ಓದಿಕೊಳ್ಳುವುದು ಒಳಿತು.