ದೇವದಾರುಗಳ ನಾಡಿಗೆ ಮಗನ ಉಯಿಲು

ಪವಿತ್ರ ಬೈಬಲನ್ನು ಓದುವ ಕುಟುಂಬಗಳಿಗೆ ಲೆಬನೋನ್ ಎಂಬ ಹೆಸರು ಹೊಸದಲ್ಲ. ಸೊಲೊಮೋನ ಅರಸನು ಜೆರುಸಲೇಮಿನ ಮಹಾದೇವಾಲಯವನ್ನು ಕಟ್ಟಿಸುವಾಗ ದೇವದಾರು ಮರಗಳನ್ನು ತರಿಸಿದ್ದು ಆ ನಾಡಿನಿಂದಲೇ. ನೀತಿವಂತನ ಏಳಿಗೆಯನ್ನು ಕೀರ್ತನಕಾರನು ಹೋಲಿಸಿರುವುದೂ ಅದೇ ವೃಕ್ಷಕ್ಕೆ. ಇಂದಿಗೂ ಆ ದೇಶದ ಧ್ವಜದ ನಡುವೆ ದೇವದಾರು ನಿಂತಿದೆ. ಅಂತಹ ವೃಕ್ಷಗಳ ನೆರೆಯಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಪರದೇಶವನ್ನು ಸೇರಿ, ಅಲ್ಲಿಯೇ ಕಣ್ಮುಚ್ಚಿದರೂ ಹುಟ್ಟೂರನ್ನು ಒಂದು ದಿನವೂ ಮರೆಯದ ಖಲೀಲ್ ಗಿಬ್ರಾನರ ಜೀವನವನ್ನು ಈ ವಾರ ಸ್ಮರಿಸಲು ಬಯಸುತ್ತೇವೆ. ‘ಪ್ರವಾದಿ’ ಎಂಬ ಗ್ರಂಥದ ಕರ್ತೃವೆಂದು ಅವರನ್ನು ಬಲ್ಲವರು ಕನ್ನಡದಲ್ಲಿಯೂ ಅನೇಕರಿದ್ದಾರೆ. ತಾಯ್ನಾಡಿನ ಋಣವನ್ನು ತೀರಿಸಲು ಅವರು ಪಟ್ಟ ಪಾಡನ್ನು ಬಲ್ಲವರು ಕಡಿಮೆ.

ಗಿಬ್ರಾನರು 1883ರ ಜನವರಿ 6ರಂದು ಉತ್ತರ ಲೆಬನೋನಿನ ಬಶರ್ರಿ ಎಂಬ ಬೆಟ್ಟದೂರಿನಲ್ಲಿ ಜನಿಸಿದರು. ಊರಿನ ಕೆಳಗೆ ಕದೀಶಾ ಕಣಿವೆಯಿದೆ. ಕದೀಶಾ ಎಂದರೆ ಸುರಿಯಾನಿ ಭಾಷೆಯಲ್ಲಿ ಪವಿತ್ರ ಎಂದರ್ಥ. ಆ ಕಣಿವೆಯ ಗವಿಗಳಲ್ಲಿ ಶತಮಾನಗಳ ಕಾಲ ಮರೋನೈಟ್ ಸನ್ಯಾಸಿಗಳು ಪ್ರಾರ್ಥನೆ, ಉಪವಾಸಗಳಲ್ಲಿ ಬದುಕಿದರು. ಸಂತ ಮರೋನರ ಹೆಸರನ್ನು ಹೊತ್ತಿರುವ ಈ ಸಭೆಯು ರೋಮಿನ ಜಗದ್ಗುರುಗಳೊಡನೆ ಐಕ್ಯವಾಗಿರುವ ಪೌರ್ವಾತ್ಯ ಕಥೋಲಿಕ ಸಭೆ. ತನ್ನ ಪೂಜಾವಿಧಿಯಲ್ಲಿ ಸುರಿಯಾನಿ ಭಾಷೆಯನ್ನು ಇಂದಿಗೂ ಉಳಿಸಿಕೊಂಡಿದೆ. ವಿವಾಹಿತರಿಗೂ ಯಾಜಕದೀಕ್ಷೆ ನೀಡುವ ಪದ್ಧತಿ ಅಲ್ಲಿದೆ. ಗಿಬ್ರಾನರ ತಾಯಿ ಕಮೀಲಾ ಅಂತಹ ಯಾಜಕರೊಬ್ಬರ ಮಗಳು.

ಮನೆಯಲ್ಲಿ ಭಕ್ತಿಯಿತ್ತು, ಸುಖವಿರಲಿಲ್ಲ. ಆ ಪರ್ವತಪ್ರದೇಶವು ಆಗ ತುರ್ಕಿಯ ಒಟ್ಟೊಮನ್ ಸಾಮ್ರಾಜ್ಯಕ್ಕೆ ಸೇರಿತ್ತು. ತೆರಿಗೆ ವಸೂಲಿಯ ಕೆಲಸದಲ್ಲಿದ್ದ ತಂದೆ, ಹಣ ದುರುಪಯೋಗದ ಆರೋಪಕ್ಕೆ ಗುರಿಯಾಗಿ ಸೆರೆಮನೆ ಸೇರಿದರು. ಮನೆಮಾರು ಮುಟ್ಟುಗೋಲಾಯಿತು. ಊರಿನಲ್ಲಿ ತಲೆಯೆತ್ತಿ ನಡೆಯಲಾಗದ ಸ್ಥಿತಿ ಒದಗಿತು. ಪತಿಯ ಬಿಡುಗಡೆಯ ನಂತರವೂ ಕಮೀಲಾ ತಮ್ಮ ನಿರ್ಧಾರವನ್ನು ಬದಲಿಸಲಿಲ್ಲ. ಮೊದಲ ವಿವಾಹದ ಮಗ ಬುತ್ರೂಸ್, ಹನ್ನೆರಡು ವರ್ಷದ ಖಲೀಲ್, ಹೆಣ್ಣುಮಕ್ಕಳಾದ ಮರಿಯಾನಾ ಮತ್ತು ಸುಲ್ತಾನಾ ಇವರನ್ನು ಕರೆದುಕೊಂಡು 1895ರ ಜೂನ್ ತಿಂಗಳಲ್ಲಿ ಅಮೆರಿಕಕ್ಕೆ ಹೊರಟರು. ತಂದೆ ಊರಿನಲ್ಲಿಯೇ ಉಳಿದರು.

ಬಾಸ್ಟನ್ ನಗರದ ದಕ್ಷಿಣ ಭಾಗದ ಬಡ ಕೇರಿಗಳಲ್ಲಿ ಲೆಬನೋನ್ ಮತ್ತು ಸಿರಿಯಾದಿಂದ ಬಂದ ಕುಟುಂಬಗಳು ನೆಲೆಸಿದ್ದವು. ತಾಯಿ ಕಸೂತಿಪಟ್ಟಿ, ಬಟ್ಟೆಗಳ ಗಂಟನ್ನು ಹೊತ್ತು ಮನೆಮನೆಗೆ ಹೋಗಿ ಮಾರಿದರು. ಅಣ್ಣ ಬುತ್ರೂಸ್ ಸಣ್ಣ ಅಂಗಡಿ ತೆರೆದ. ಮನೆಯವರಲ್ಲಿ ಶಾಲೆಗೆ ಹೋಗುವ ಭಾಗ್ಯ ದೊರೆತದ್ದು ಬಾಲಕ ಖಲೀಲನಿಗೆ. ಅಲ್ಲಿ ದಾಖಲೆಯಲ್ಲಿ ಅವನ ಪೂರ್ಣ ಹೆಸರು ತುಂಡಾಯಿತು, ಅಕ್ಷರಗಳೂ ಸ್ಥಾನ ಬದಲಿಸಿದವು. ಜಗತ್ತು ಇಂದು ಇಂಗ್ಲಿಷಿನಲ್ಲಿ ಬರೆಯುವುದು ಹಾಗೆ ಬದಲಾದ ಹೆಸರನ್ನೇ.

ಬಾಲಕನ ಚಿತ್ರಕಲೆ ನಗರದ ಕಲಾವಿದರ ಗಮನ ಸೆಳೆಯಿತು. ಆದರೆ ಮಗ ತನ್ನ ಭಾಷೆಯನ್ನು, ಪರಂಪರೆಯನ್ನು ಮರೆತಾನೆಂಬ ಚಿಂತೆ ಮನೆಯವರನ್ನು ಕಾಡಿತು. 1898ರಲ್ಲಿ ಅವನನ್ನು ಬೈರೂತಿಗೆ ಮರಳಿ ಕಳುಹಿಸಿ, ಮರೋನೈಟರ ಪ್ರಸಿದ್ಧ ವಿದ್ಯಾಸಂಸ್ಥೆಯಾದ ಅಲ್-ಹಿಕ್ಮಾದಲ್ಲಿ ಸೇರಿಸಿದರು. ಗಂಟು ಹೊತ್ತು ಮಾರಿ ಕೂಡಿಟ್ಟ ಕಾಸಿನಲ್ಲಿ ಒಂದು ಬಡಕುಟುಂಬ ಮಾಡಿದ ಈ ವೆಚ್ಚ ಅಲ್ಪವಾದುದಲ್ಲ. ಅರಬ್ಬಿ ಸಾಹಿತ್ಯದಲ್ಲಿ ಗಿಬ್ರಾನರಿಗೆ ದೊರೆತ ಹಿಡಿತಕ್ಕೆ ಅಲ್ಲಿಯೇ ಅಡಿಪಾಯ ಬಿದ್ದಿತು.

1902ರಲ್ಲಿ ಅವರು ಬಾಸ್ಟನ್‌ಗೆ ಹಿಂದಿರುಗಿದಾಗ ಕಾದಿದ್ದು ಸಾವಿನ ಮನೆ. ತಂಗಿ ಸುಲ್ತಾನಾ ಆಗಲೇ ಕ್ಷಯರೋಗಕ್ಕೆ ಬಲಿಯಾಗಿದ್ದಳು. ಮರುವರ್ಷ ಮಾರ್ಚ್‌ನಲ್ಲಿ ಅಣ್ಣ ಬುತ್ರೂಸ್ ಅದೇ ರೋಗದಿಂದ ತೀರಿಕೊಂಡ. ಜೂನ್‌ನಲ್ಲಿ ತಾಯಿ ಅರ್ಬುದ ರೋಗದಿಂದ ಮರಣ ಹೊಂದಿದರು. ಉಳಿದವಳು ತಂಗಿ ಮರಿಯಾನಾ ಒಬ್ಬಳೇ. ಅವಳು ಹೊಲಿಗೆಯ ದುಡಿಮೆಯಿಂದ ಅಣ್ಣನನ್ನು ಸಾಕಿದಳು. ಲೋಕವು ಕೊಂಡಾಡುವ ಗಿಬ್ರಾನರ ಹಿಂದೆ ಸೂಜಿ ಹಿಡಿದು ದುಡಿದ ಈ ಸಹೋದರಿಯಿದ್ದಾಳೆಂಬುದನ್ನು ನಾವು ಮರೆಯಬಾರದು. 1904ರ ಚಿತ್ರಪ್ರದರ್ಶನದಲ್ಲಿ ಪರಿಚಯವಾದ ಶಾಲಾ ಮುಖ್ಯೋಪಾಧ್ಯಾಯಿನಿ ಮೇರಿ ಹ್ಯಾಸ್ಕೆಲ್ ಅವರ ನೆರವಿನಿಂದ 1908ರಿಂದ ಎರಡು ವರ್ಷ ಪ್ಯಾರಿಸಿನಲ್ಲಿ ಕಲೆಯನ್ನು ಅಭ್ಯಸಿಸಿದ ಗಿಬ್ರಾನರು 1911ರಲ್ಲಿ ನ್ಯೂಯಾರ್ಕಿಗೆ ಬಂದು ನೆಲೆಸಿದರು.

ಇಲ್ಲಿ ಒಂದು ಸಂಗತಿಯನ್ನು ಮುಚ್ಚಿಡುವುದು ನ್ಯಾಯವಲ್ಲ. ಅವರ ಆರಂಭದ ಅರಬ್ಬಿ ಕಥೆಗಳು ಜಮೀನ್ದಾರರನ್ನು ಖಂಡಿಸಿದಂತೆಯೇ ತಮ್ಮ ನಾಡಿನ ಯಾಜಕವರ್ಗವನ್ನೂ ಕಟುವಾಗಿ ಖಂಡಿಸಿದವು. ಸಭೆಯೊಡನೆ ಅವರ ಸಂಬಂಧ ಕೊನೆಯವರೆಗೂ ಸರಳವಾಗಿರಲಿಲ್ಲ. ಆದರೂ ಯೇಸುಸ್ವಾಮಿಯ ವ್ಯಕ್ತಿತ್ವವು ಅವರನ್ನು ಜೀವನಪರ್ಯಂತ ಸೆಳೆಯಿತು. 1928ರಲ್ಲಿ ಪ್ರಕಟವಾದ ‘ಮನುಷ್ಯಪುತ್ರ ಯೇಸು’ ಎಂಬ ಕೃತಿಯಲ್ಲಿ ಸ್ವಾಮಿಯನ್ನು ಕಂಡವರು ಒಬ್ಬೊಬ್ಬರಾಗಿ ಮಾತನಾಡುತ್ತಾರೆ. ಎಲ್ಲರಿಗಿಂತ ಕೊನೆಗೆ, ಹತ್ತೊಂಬತ್ತು ಶತಮಾನಗಳ ಬಳಿಕ ಮಾತನಾಡುವವನು ಲೆಬನೋನಿನ ಒಬ್ಬ ಮನುಷ್ಯ. ಆ ಮನುಷ್ಯ ಯಾರೆಂದು ನಾವು ಹೇಳಬೇಕಾಗಿಲ್ಲ.

ಮೊದಲನೆಯ ಮಹಾಯುದ್ಧವು ಅವರ ನಾಡಪ್ರೇಮವನ್ನು ಕಠಿಣ ಪರೀಕ್ಷೆಗೆ ಒಡ್ಡಿತು. ಮಿತ್ರರಾಷ್ಟ್ರಗಳ ನೌಕಾಪಡೆ ಕರಾವಳಿಗೆ ದಿಗ್ಬಂಧನ ಹಾಕಿತು. ತುರ್ಕಿಯ ಸೇನೆ ಧಾನ್ಯವನ್ನು ವಶಪಡಿಸಿಕೊಂಡಿತು. 1915ರಲ್ಲಿ ಮಿಡತೆಗಳ ಹಿಂಡು ಅಳಿದುಳಿದ ಬೆಳೆಯನ್ನು ತಿಂದು ಮುಗಿಸಿತು. ಕ್ಷಾಮಕ್ಕೂ ಅದರ ಬೆನ್ನಿಗೆ ಬಂದ ರೋಗಗಳಿಗೂ ಲೆಬನೋನ್ ಪರ್ವತಪ್ರದೇಶದಲ್ಲಿ ಸುಮಾರು 2 ಲಕ್ಷ ಜನ ತುತ್ತಾದರೆಂದು ಅಂದಾಜು. ಗಿಬ್ರಾನರು ನ್ಯೂಯಾರ್ಕಿನಲ್ಲಿ 1916ರಲ್ಲಿ ರಚನೆಯಾದ ಪರಿಹಾರ ಸಮಿತಿಯ ಕಾರ್ಯದರ್ಶಿಯಾದರು. ಬರಹವನ್ನೂ ಚಿತ್ರವನ್ನೂ ಬದಿಗಿಟ್ಟು ವಲಸಿಗ ಕುಟುಂಬಗಳಿಂದ ಹಣ ಕೂಡಿಸುವ, ಪತ್ರ ಬರೆಯುವ, ಒಳಜಗಳಗಳನ್ನು ಶಮನಗೊಳಿಸುವ ಕೆಲಸಕ್ಕೆ ಇಳಿದರು. ತಮ್ಮವರು ಹಸಿದು ಸಾಯುತ್ತಿರುವಾಗ ತಾವು ದೂರದಲ್ಲಿ ಸುರಕ್ಷಿತವಾಗಿ ಉಣ್ಣುತ್ತಿರುವೆವೆಂಬ ಸಂಕಟವನ್ನು ಅವರು ಆಗ ಬರೆದ ಅರಬ್ಬಿ ರಚನೆಯಲ್ಲಿ ತೋಡಿಕೊಂಡಿದ್ದಾರೆ. ಪರದೇಶದಲ್ಲಿದ್ದು ಊರಿನ ಆಪತ್ತಿನ ಸುದ್ದಿ ಕೇಳಿದವರಿಗೆ ಈ ಸಂಕಟದ ಪರಿಚಯವಿರುತ್ತದೆ.

ಯುದ್ಧದ ನಂತರ, 1920ರ ಸೆಪ್ಟೆಂಬರ್ 1ರಂದು ಫ್ರೆಂಚರು ಮಹಾ ಲೆಬನೋನ್ ಎಂಬ ಹೊಸ ರಾಜ್ಯವನ್ನು ಘೋಷಿಸಿದರು. ಗಡಿ, ಪಂಗಡ, ಅಧಿಕಾರಗಳ ಬಗ್ಗೆ ವಾದವಿವಾದ ಎದ್ದಿತು. ಗಿಬ್ರಾನರು ತಮ್ಮ ಲೇಖನವೊಂದರಲ್ಲಿ ರಾಜಕಾರಣಿಗಳ ಲೆಬನೋನ್ ಬೇರೆ, ತಮ್ಮ ಲೆಬನೋನ್ ಬೇರೆ ಎಂದು ಸಾರಿದರು. ಉಳುವವರು, ಕುರಿ ಕಾಯುವವರು, ಮಕ್ಕಳನ್ನು ಬೆಳೆಸುವ ತಾಯಂದಿರು, ದುಡಿಮೆಯನ್ನೇ ಆಸ್ತಿಯಾಗಿ ಹೊತ್ತು ಪರದೇಶಕ್ಕೆ ಹೋದವರು, ಇವರೇ ಅವರ ದೃಷ್ಟಿಯಲ್ಲಿ ಲೆಬನೋನಿನ ನಿಜವಾದ ಮಕ್ಕಳು. ಅದೇ 1920ರಲ್ಲಿ ಅವರ ಅಧ್ಯಕ್ಷತೆಯಲ್ಲಿ ನ್ಯೂಯಾರ್ಕಿನ ಲೇಖಕರ ಬಳಗವೊಂದು ರೂಪುಗೊಂಡಿತು. ಮಿಖಾಯಿಲ್ ನುಐಮಿ ಮೊದಲಾದವರಿದ್ದ ಈ ಲೇಖನಿ ಸಂಘವು ಅರಬ್ಬಿ ಸಾಹಿತ್ಯಕ್ಕೆ ಹೊಸ ಉಸಿರು ತುಂಬಿತು. ನಾಡನ್ನು ಬಿಟ್ಟು ಹೋದವರೇ ನಾಡಿನ ಭಾಷೆಗೆ ಇಷ್ಟು ದೊಡ್ಡ ಕಾಣಿಕೆ ನೀಡಿದರು.

1923ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ ‘ಪ್ರವಾದಿ’ ಅವರ ಹೆಸರನ್ನು ಲೋಕಕ್ಕೆಲ್ಲ ಪರಿಚಯಿಸಿತು. ಹುಟ್ಟಿದ ದ್ವೀಪಕ್ಕೆ ಮರಳಿ ಒಯ್ಯುವ ಹಡಗಿಗಾಗಿ ಅನ್ಯನಗರದಲ್ಲಿ ಹನ್ನೆರಡು ವರ್ಷ ಕಾದವನ ಕಥೆಯದು. ಅದನ್ನು ಬರೆದವರ ಎದೆಯಲ್ಲಿಯೂ ಅಂತಹದೇ ಹಡಗಿನ ಹಂಬಲವಿತ್ತು. 1926ರಲ್ಲಿ, ಅಮೆರಿಕದಲ್ಲಿ ಹುಟ್ಟಿ ಬೆಳೆದ ವಲಸಿಗರ ಮಕ್ಕಳಿಗಾಗಿ ಅವರು ಒಂದು ಸಂದೇಶವನ್ನು ಬರೆದರು. ಪ್ರಾಚೀನ ನಗರಗಳನ್ನು ಕಟ್ಟಿದ ಪೂರ್ವಿಕರ ಬಗ್ಗೆ ಹೆಮ್ಮೆಯಿರಲಿ, ಆದರೆ ಆ ಹೆಮ್ಮೆ ಹೊಸ ನಾಡಿಗೆ ದುಡಿಮೆಯಾಗಿ ಸಲ್ಲಲಿ ಎಂಬುದು ಅದರ ಸಾರ. ಪೂರ್ವಿಕರ ಹೆಸರನ್ನು ಹೇಳಿ ಕೈಕಟ್ಟಿ ಕುಳಿತುಕೊಳ್ಳುವುದು ಅವರಿಗೆ ಒಪ್ಪಿಗೆಯಿರಲಿಲ್ಲ.

ಆ ಹಡಗು ಅವರು ಜೀವಂತವಿದ್ದಾಗ ಬರಲಿಲ್ಲ. 1902ರ ಬಳಿಕ ಅವರು ಲೆಬನೋನನ್ನು ಕಾಣಲೇ ಇಲ್ಲ. ಆರೋಗ್ಯ ಕೆಟ್ಟು, ಮದ್ಯಪಾನದಿಂದ ಯಕೃತ್ತು ಹಾಳಾಗಿ, 1931ರ ಏಪ್ರಿಲ್ 10ರಂದು ನ್ಯೂಯಾರ್ಕಿನ ಆಸ್ಪತ್ರೆಯಲ್ಲಿ 48ನೆಯ ವಯಸ್ಸಿನಲ್ಲಿ ನಿಧನರಾದರು. ಅದೇ ವರ್ಷದ ಆಗಸ್ಟ್‌ನಲ್ಲಿ ಅವರ ಪಾರ್ಥಿವ ಶರೀರ ಬೈರೂತನ್ನು ತಲುಪಿತು. ಬಶರ್ರಿಯ ಮಾರ್ ಸರ್ಕಿಸ್ ಎಂಬ ಹಳೆಯ ಆಶ್ರಮದಲ್ಲಿ ಮಣ್ಣಾಗಬೇಕೆಂಬುದು ಅವರ ಆಸೆಯಾಗಿತ್ತು. ತಂಗಿ ಮರಿಯಾನಾ ಆ ಆಶ್ರಮವನ್ನು ಕಾರ್ಮೆಲ್ ಸಭೆಯವರಿಂದ ಕೊಂಡು ಅಣ್ಣನ ಆಸೆಯನ್ನು ಈಡೇರಿಸಿದರು.

ಅವರು 1930ರಲ್ಲಿ ಬರೆದಿಟ್ಟ ಉಯಿಲಿನಲ್ಲಿ ತಮ್ಮ ಗ್ರಂಥಗಳ ಗೌರವಧನವೆಲ್ಲ ಹುಟ್ಟೂರಿಗೆ ಸಲ್ಲಬೇಕೆಂದಿತ್ತು. ಅಪಮಾನ ಹೊತ್ತು ಊರು ಬಿಟ್ಟ ಮನೆಯ ಮಗ ಊರಿಗೆಲ್ಲ ತನ್ನ ಜೀವಮಾನದ ಗಳಿಕೆಯ ಫಲವನ್ನು ಬಿಟ್ಟುಕೊಟ್ಟಿದ್ದನು. ಆದರೆ ‘ಪ್ರವಾದಿ’ಯ ಮಾರಾಟ ಏರಿದಂತೆ ಹಣವೂ ಏರಿತು, ಹಣದೊಡನೆ ಕಲಹವೂ ಏರಿತು. ನಿಧಿಯನ್ನು ಯಾರು ನಿರ್ವಹಿಸಬೇಕೆಂಬ ಪ್ರಶ್ನೆಯ ಮೇಲೆ ಊರಿನ ಮನೆತನಗಳು ಒಡೆದವು. ವ್ಯಾಜ್ಯಗಳು ನ್ಯಾಯಾಲಯದ ಮೆಟ್ಟಿಲೇರಿದವು. ಕೊನೆಗೆ ಸರ್ಕಾರವೇ ನಡುವೆ ಬರಬೇಕಾಯಿತು. ಪರದೇಶದಲ್ಲಿ ಊರಿನವರನ್ನು ಒಂದುಗೂಡಿಸಲು ಶ್ರಮಿಸಿದವರ ಕೊಡುಗೆ ಊರನ್ನೇ ಒಡೆದದ್ದು ದುಃಖದ ಮಾತು.

ಸುದೈವದಿಂದ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮೇರಿ ಹ್ಯಾಸ್ಕೆಲ್ ಕಳುಹಿಸಿಕೊಟ್ಟ ಚಿತ್ರಗಳು, ಪುಸ್ತಕಗಳು, ಪೀಠೋಪಕರಣಗಳು ಬಶರ್ರಿಯನ್ನು ಸೇರಿದವು. 1975ರಲ್ಲಿ ಮಾರ್ ಸರ್ಕಿಸ್ ಆಶ್ರಮವೇ ವಸ್ತುಸಂಗ್ರಹಾಲಯವಾಯಿತು. 1998ರಲ್ಲಿ ಕದೀಶಾ ಕಣಿವೆ ಮತ್ತು ದೇವದಾರು ವನವು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. 2020ರ ಆಗಸ್ಟ್ 4ರಂದು ಬೈರೂತಿನ ಬಂದರು ಸ್ಫೋಟಗೊಂಡಾಗ ಹೊರನಾಡಿನ ಲೆಬನೋನಿಗರು ಮತ್ತೆ ಹಣ ಕೂಡಿಸಿದರು, ಔಷಧಿ ಕಳುಹಿಸಿದರು. 1916ರ ಸಮಿತಿಯ ಕೆಲಸವೇ ಅದು.

ದೂರದೇಶದಲ್ಲಿ ದುಡಿಯುವ ಮಕ್ಕಳಿರುವ ಮನೆಗಳು ನಮ್ಮ ಓದುಗರಲ್ಲಿಯೂ ಅನೇಕ. ಅವರು ಕಳುಹಿಸುವ ಹಣದಿಂದ ಊರಿನಲ್ಲಿ ಮನೆ ಏಳುತ್ತದೆ, ದೇವಾಲಯದ ಗೋಪುರ ಏಳುತ್ತದೆ. ಕಳುಹಿಸುವವರ ಋಣ ಅಲ್ಲಿಗೆ ತೀರುತ್ತದೆ. ಅದನ್ನು ಪಡೆದವರು ಜಗಳವಾಡದೆ, ಲೆಕ್ಕ ತಪ್ಪದೆ, ಎಲ್ಲರ ಹಿತಕ್ಕೆ ಬಳಸಿದಾಗ ಮಾತ್ರ ಊರಿನ ಋಣವೂ ತೀರುತ್ತದೆ. ಬಶರ್ರಿಯ ಸಮಾಧಿಯಲ್ಲಿ ಮಲಗಿರುವ ಗಿಬ್ರಾನರು ತಮ್ಮ ಪಾಲನ್ನು ಸಲ್ಲಿಸಿ ಹೋಗಿದ್ದಾರೆ.