ಡಾ. ಯೆಲ್ಲಾಪ್ರಗಡ ಸುಬ್ಬರಾವ್

ಮೆಟ್ರಿಕ್ ಪರೀಕ್ಷೆಗೆ ಮೂರು ಸಲ ಕುಳಿತು ತೇರ್ಗಡೆಯಾದ ಹುಡುಗನೊಬ್ಬನು ಮುಂದೆ ಕ್ಯಾನ್ಸರಿನ ಔಷಧಕ್ಕೆ ಕಾರಣನಾದನೆಂದರೆ ವಿದ್ಯಾರ್ಥಿಗಳಿಗೆ ಆಶ್ಚರ್ಯವಾಗಬಹುದು. ಆ ಹುಡುಗನೇ ಯೆಲ್ಲಾಪ್ರಗಡ ಸುಬ್ಬರಾವ್. ಅವರು 1895ರ ಜನವರಿ 12ರಂದು ಆಂಧ್ರದ ಭೀಮಾವರದಲ್ಲಿ ಜನಿಸಿದರು.

ಮದರಾಸಿನಲ್ಲಿ ವೈದ್ಯಕೀಯ ಓದುವಾಗ ಗಾಂಧೀಜಿಯವರ ಕರೆಗೆ ಓಗೊಟ್ಟು ಖಾದಿ ಧರಿಸಿದರು. ಶಸ್ತ್ರವೈದ್ಯದ ಆಂಗ್ಲ ಪ್ರಾಧ್ಯಾಪಕರಿಗೆ ಅದು ಸೇರಲಿಲ್ಲ. ಎಂ.ಬಿ.ಬಿ.ಎಸ್. ಬದಲು ಕೆಳದರ್ಜೆಯ ಎಲ್.ಎಂ.ಎಸ್. ಮಾತ್ರ ದೊರೆಯಿತು. ಇದಕ್ಕಿಂತ ದೊಡ್ಡ ಪೆಟ್ಟು ಮನೆಯಲ್ಲೇ ಬಿದ್ದಿತ್ತು. ಸಂಗ್ರಹಣಿ ರೋಗವು ಅವರ ಸಹೋದರರನ್ನು ಬಲಿ ತೆಗೆದುಕೊಂಡಿತ್ತು.

ಮುಂದೆ ಪತ್ನಿಯನ್ನು ಊರಿನಲ್ಲೇ ಬಿಟ್ಟು ಅಮೆರಿಕದ ಬೋಸ್ಟನ್ ಸೇರಿದರು. ಓದಿನ ಖರ್ಚಿಗಾಗಿ ರಾತ್ರಿ ಆಸ್ಪತ್ರೆಯಲ್ಲಿ ರೋಗಿಗಳ ಮಲಮೂತ್ರದ ಪಾತ್ರೆ ಎತ್ತಿದರು. ನಾಚಿಕೆಪಡಲಿಲ್ಲ.

1940ರಲ್ಲಿ ಲೆಡರ್ಲಿ ಔಷಧ ಕಂಪನಿ ಸೇರಿದರು. ಯಕೃತ್ತಿನಲ್ಲಿ, ಅಂದರೆ ಲಿವರಿನಲ್ಲಿ, ಇರುವ ಫೋಲಿಕ್ ಆಮ್ಲವೆಂಬ ಜೀವಸತ್ವವನ್ನು ಅವರ ತಂಡ 1945ರಲ್ಲಿ ಕೃತಕವಾಗಿ ತಯಾರಿಸಿತು. ಸಂಗ್ರಹಣಿಗೆ ಅದು ಮದ್ದಾಯಿತು. ಸಹೋದರರು ತೀರಿಹೋಗಿ ಆಗಲೇ ಎಷ್ಟೋ ವರ್ಷಗಳಾಗಿದ್ದವು!

ಬೋಸ್ಟನ್ನಿನ ಡಾ. ಸಿಡ್ನಿ ಫಾರ್ಬರ್ ಇದೇ ಜಾತಿಯ ವಸ್ತುವನ್ನು ರಕ್ತದ ಕ್ಯಾನ್ಸರ್ ಆದ ಮಕ್ಕಳಿಗೆ ಕೊಟ್ಟರೆ ರೋಗ ಇನ್ನೂ ಹೆಚ್ಚಿತು. ಹಾಗಾದರೆ ಈ ಆಹಾರವನ್ನೇ ತಪ್ಪಿಸಿದರೆ? ಸುಬ್ಬರಾವ್ ಅವರ ತಂಡ ಫೋಲಿಕ್ ಆಮ್ಲದಂತೆ ಕಂಡು ಜೀವಕೋಶವನ್ನು ಮೋಸಗೊಳಿಸುವ ಅಮಿನೋಪ್ಟೆರಿನ್ ತಯಾರಿಸಿತು. ಬೀಗದೊಳಗೆ ಹೋಗಿಯೂ ತಿರುಗದ ಕೀಲಿಕೈ ಎನ್ನಿ. 1947ರ ಕೊನೆಗೆ ಅದನ್ನು ಪಡೆದ ಮಕ್ಕಳಲ್ಲಿ ಹಲವರು ಕೆಲವು ತಿಂಗಳು ಎದ್ದು ಓಡಾಡಿದರು. ಮೆಥೊಟ್ರೆಕ್ಸೇಟ್ ಅದರ ಒಡಹುಟ್ಟು, ಇಂದಿಗೂ ಬಳಕೆಯಲ್ಲಿದೆ.

1948ರ ಆಗಸ್ಟಿನಲ್ಲಿ, 53ನೆಯ ವಯಸ್ಸಿನಲ್ಲಿ, ಸುಬ್ಬರಾವ್ ನಿದ್ದೆಯಲ್ಲೇ ತೀರಿಕೊಂಡರು. ಪತ್ನಿಯನ್ನು ಮತ್ತೆ ನೋಡಲೇ ಇಲ್ಲ.

ಈ ಔಷಧಕ್ಕೆ ಒಂದು ದೋಷವಿತ್ತು. ಅದು ಮೈಯೆಲ್ಲ ಹರಿದು ಒಳ್ಳೆಯ ಕೋಶಗಳನ್ನೂ ಸುಡುತ್ತಿತ್ತು. ಇಡೀ ಹೊಲಕ್ಕೆ ನೀರು ಬಿಡುವ ಬದಲು ಬೇಕಾದ ಮಡಿಗೆ ಮಾತ್ರ ತಿರುಗಿಸುತ್ತೇವಲ್ಲ, ಹಾಗೆ ವೈದ್ಯರು ಗಡ್ಡೆಗೆ ರಕ್ತ ಒಯ್ಯುವ ನಾಳದಲ್ಲೇ ಸಣ್ಣ ಕೊಳವೆಯಿಟ್ಟು 1950ರ ದಶಕದಲ್ಲಿ ಮೆಥೊಟ್ರೆಕ್ಸೇಟ್ ಹರಿಸಿದರು. ಉಳಿದ ಮೈಯನ್ನು ಕಾಯಲು ಬೇರೆ ಚುಚ್ಚುಮದ್ದು ಕೊಟ್ಟರು. ಕರುಳಿನ ರಕ್ತವು ಮೊದಲು ಯಕೃತ್ತಿಗೇ ಹೋಗುವುದರಿಂದ ಕರುಳಿನ ಕ್ಯಾನ್ಸರ್ ಹೆಚ್ಚಾಗಿ ಅಲ್ಲಿಗೇ ಹಬ್ಬುತ್ತದೆ. ಮುಂದೆ ಬೇರೆ ಔಷಧಗಳನ್ನು ಯಕೃತ್ತಿನ ನಾಳದಲ್ಲೇ ಹರಿಸುವ ಪದ್ಧತಿ ಬಂತು. ಶಸ್ತ್ರಕ್ರಿಯೆಯ ತರುವಾಯ ರೋಗ ಅಲ್ಲಿಗೆ ಹಬ್ಬದಂತೆ ತಡೆಯಲೂ ಇದನ್ನು ಪ್ರಯೋಗಿಸಿ ನೋಡಿದ್ದಾರೆ. ಫಲ ಎಲ್ಲರಿಗೂ ಒಂದೇ ಸಮನಾಗಿಲ್ಲ.

ನಮ್ಮ ಗುಂಜೋಟಿಯ ಕಡೆಯ ಪಾಲಕರಿಗೆ ಬಾರ್ಶಿಯ ಕ್ಯಾನ್ಸರ್ ಆಸ್ಪತ್ರೆ ಗೊತ್ತು. ಅಲ್ಲಿಂದ ತಂದ ಚೀಟಿಯಲ್ಲಿ ಮೆಥೊಟ್ರೆಕ್ಸೇಟ್ ಎಂದಿದ್ದರೆ, ಅದು ಭೀಮಾವರದ ಆ ಹುಡುಗನ ತಂಡದ್ದೇ.